ಸಾಂದ್ರತೆ: ಪದಾರ್ಥದ ಒಳಗಿನ ಸುದ್ದಿ ಹೇಳುವ ಸಂಖ್ಯೆ

ವಸ್ತುಗಳ ಗುಣಗಳಲ್ಲಿ ಎರಡು ಬಗೆಗಳಿವೆ. ಒಂದು ಬಗೆಯವು ನಮ್ಮ ಕೈಯಲ್ಲಿರುವ ಆ ತುಂಡಿಗೆ ಸೇರಿದವು. ತುಂಡನ್ನು ಅರ್ಧಕ್ಕೆ ಕತ್ತರಿಸಿದರೆ ಅವೂ ಅರ್ಧವಾಗುತ್ತವೆ. ದ್ರವ್ಯರಾಶಿ ಮತ್ತು ಗಾತ್ರ, ಅಂದರೆ ವಸ್ತು ಆಕ್ರಮಿಸುವ ಜಾಗ, ಈ ಬಗೆಗೆ ಸೇರುತ್ತವೆ. ಇನ್ನೊಂದು ಬಗೆಯವು ತುಂಡಿಗಲ್ಲ, ಆ ತುಂಡು ಯಾವ ಪದಾರ್ಥದಿಂದ ಆಗಿದೆಯೋ ಅದಕ್ಕೆ ಸೇರಿದವು. ಎಷ್ಟು ಸಲ ಕತ್ತರಿಸಿದರೂ ಅವು ಬದಲಾಗುವುದಿಲ್ಲ. ಕರಗುವ ಉಷ್ಣತೆ, ವಿದ್ಯುತ್ ಹರಿಯಗೊಡುವ ಸಾಮರ್ಥ್ಯ ಮತ್ತು ಸಾಂದ್ರತೆ ಈ ಎರಡನೆಯ ಬಗೆಯವು. ಇವುಗಳಲ್ಲಿ ಸಾಂದ್ರತೆಗೆ ಒಂದು ವಿಶೇಷವಿದೆ: ಮೊದಲ ಬಗೆಯ ಎರಡು ಗುಣಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಿದಾಗ ಅದು ಹುಟ್ಟುತ್ತದೆ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಿಗುವುದೇ ಸಾಂದ್ರತೆ. ತುಂಡು ದೊಡ್ಡದಾದಂತೆ ಮೇಲಿನ ಸಂಖ್ಯೆಯೂ ಕೆಳಗಿನ ಸಂಖ್ಯೆಯೂ ಒಂದೇ ಪ್ರಮಾಣದಲ್ಲಿ ಬೆಳೆಯುವುದರಿಂದ ಭಾಗಲಬ್ಧ ಮಾತ್ರ ಅಲುಗದೆ ನಿಲ್ಲುತ್ತದೆ. ಆದ್ದರಿಂದಲೇ ಶುದ್ಧ ಚಿನ್ನದ ಒಂದು ಚೂರಿಗೂ ಇಡೀ ಗಟ್ಟಿಗೂ ಸಾಂದ್ರತೆ ಒಂದೇ: ಪ್ರತಿ ಘನ ಸೆಂಟಿಮೀಟರಿಗೆ 19.3 ಗ್ರಾಂ.

ಶಾಲೆಯಲ್ಲಿ ಈ ಸೂತ್ರವನ್ನು ಕಲಿತವರಿಗೆಲ್ಲ ಭಾಗಾಕಾರ ನೆನಪಿರುತ್ತದೆ. ಆ ಸಂಖ್ಯೆ ಎಲ್ಲಿಂದ ಬರುತ್ತದೆ, ಚಿನ್ನಕ್ಕೆ 19.3 ಏಕೆ, ಅಲ್ಯೂಮಿನಿಯಂಗೆ 2.7 ಏಕೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ನನ್ನ ದೃಷ್ಟಿಯಲ್ಲಿ ಸಾಂದ್ರತೆಯ ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ. ಪದಾರ್ಥದ ಕಣಗಳು ಒಂದೊಂದೂ ಎಷ್ಟು ಭಾರ, ಮತ್ತು ಅವು ಎಷ್ಟು ಒತ್ತಾಗಿ ಕೂತಿವೆ ಎಂಬ ಎರಡು ಪ್ರಶ್ನೆಗಳಿಗೆ ಒಟ್ಟಿಗೆ ಸಿಗುವ ಉತ್ತರವೇ ಸಾಂದ್ರತೆ. ಕಣ್ಣಿಗೆ ಕಾಣದ ಪರಮಾಣುಗಳ ಲೋಕದ ಸುದ್ದಿಯನ್ನು ಒಂದು ತಕ್ಕಡಿ ಮತ್ತು ಒಂದು ಅಳತೆಪಾತ್ರೆಯ ಮೂಲಕ ಹೊರಗೆ ತರುವ ಗುಣ ಇದು.

ಮೊದಲು ಮಾನಗಳ ವಿಷಯವನ್ನು ಬೇಗ ಮುಗಿಸಿಬಿಡೋಣ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸಾಂದ್ರತೆಯನ್ನು ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಹೇಳುತ್ತಾರೆ. ದಿನಬಳಕೆಯಲ್ಲಿ ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎನ್ನುವುದು ಅನುಕೂಲ. ಎರಡನೆಯದನ್ನು 1000ದಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. ನೀರಿನ ಸಾಂದ್ರತೆ ಹೆಚ್ಚುಕಡಿಮೆ 1 ಆಗಿರುವುದು ಆಕಸ್ಮಿಕವಲ್ಲ. 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಮೆಟ್ರಿಕ್ ಪದ್ಧತಿಯನ್ನು ರೂಪಿಸಿದಾಗ ಒಂದು ಘನ ಸೆಂಟಿಮೀಟರ್ ನೀರಿನ ದ್ರವ್ಯರಾಶಿಯನ್ನೇ ಗ್ರಾಂ ಎಂದು ಕರೆದರು. ಯಾವುದೇ ಪದಾರ್ಥದ ಸಾಂದ್ರತೆ ನೀರಿನದರ ಎಷ್ಟು ಪಟ್ಟು ಎಂಬುದನ್ನು ಸಾಪೇಕ್ಷ ಸಾಂದ್ರತೆ ಎನ್ನುತ್ತಾರೆ. ಅದು ಬರಿಯ ಅನುಪಾತವಾದ್ದರಿಂದ ಅದಕ್ಕೆ ಮಾನವಿಲ್ಲ.

ಈ ಸಂಖ್ಯೆಗಳನ್ನು ಒಮ್ಮೆ ದೊಡ್ಡ ಗಾತ್ರಕ್ಕೆ ಅನ್ವಯಿಸಿ ನೋಡುವುದು ಒಳ್ಳೆಯದು, ಏಕೆಂದರೆ ನಮ್ಮ ಅಂದಾಜುಗಳು ಇಲ್ಲಿ ಬಹಳ ತಪ್ಪುತ್ತವೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ತೊಟ್ಟಿಯಲ್ಲಿ ಹಿಡಿಯುವ ನೀರು ಒಂದು ಟನ್. ಗಾಳಿಗೆ ತೂಕವೇ ಇಲ್ಲವೆಂದು ನಮಗೆ ಅನ್ನಿಸುತ್ತದೆ. ಆದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮುದ್ರ ಮಟ್ಟದ ಒತ್ತಡದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ಇರುತ್ತದೆ. ಹಾಗಾದರೆ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯೊಳಗಿನ ಗಾಳಿ 72 ಕಿಲೋಗ್ರಾಂ, ಅಂದರೆ ಒಬ್ಬ ವಯಸ್ಕ ಮನುಷ್ಯನಷ್ಟು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಚಿನ್ನ, ಅಲ್ಯೂಮಿನಿಯಂ ಮತ್ತು ಸೀಸ ಎಂಬ ಮೂರು ಲೋಹಗಳನ್ನು ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಈ ಮೂರರಲ್ಲೂ ಪರಮಾಣುಗಳು ಒಂದೇ ವಿನ್ಯಾಸದಲ್ಲಿ ಜೋಡಣೆಯಾಗಿವೆ: ಒಂದು ಘನಾಕೃತಿಯ ಎಂಟು ಮೂಲೆಗಳಲ್ಲಿ ಒಂದೊಂದು ಪರಮಾಣು, ಆರು ಮುಖಗಳ ನಡುವೆ ಒಂದೊಂದು ಪರಮಾಣು. ಮೂಲೆಯ ಪರಮಾಣುವನ್ನು ಅಕ್ಕಪಕ್ಕದ ಎಂಟು ಘನಗಳೂ ಮುಖದ ಪರಮಾಣುವನ್ನು ಎರಡು ಘನಗಳೂ ಹಂಚಿಕೊಳ್ಳುವುದರಿಂದ ಲೆಕ್ಕಕ್ಕೆ ಒಂದು ಘನದ ಪಾಲಿಗೆ ನಾಲ್ಕು ಪರಮಾಣುಗಳು ಬರುತ್ತವೆ. ಎಕ್ಸ್-ಕಿರಣಗಳ ಸಹಾಯದಿಂದ ಈ ಘನದ ಅಂಚನ್ನು ನಿಖರವಾಗಿ ಅಳೆಯಬಹುದು. ಚಿನ್ನದಲ್ಲಿ ಅದು 0.408 ನ್ಯಾನೋಮೀಟರ್, ಅಲ್ಯೂಮಿನಿಯಂನಲ್ಲಿ 0.405, ಸೀಸದಲ್ಲಿ 0.495.

ಚಿನ್ನವನ್ನೂ ಅಲ್ಯೂಮಿನಿಯಂ ಅನ್ನೂ ಹೋಲಿಸಿ ನೋಡಿ. ಅಂಚಿನ ಅಳತೆಗಳು ಹೆಚ್ಚುಕಡಿಮೆ ಒಂದೇ. ಅಂದರೆ ಒಂದು ಘನ ಸೆಂಟಿಮೀಟರ್ ಚಿನ್ನದಲ್ಲೂ ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂನಲ್ಲೂ ಇರುವ ಪರಮಾಣುಗಳ ಸಂಖ್ಯೆ ಸುಮಾರಾಗಿ ಸಮ. ಚಿನ್ನದಲ್ಲಿ ಪರಮಾಣುಗಳು ಹೆಚ್ಚು ಒತ್ತಾಗಿರುವುದರಿಂದ ಅದು ಭಾರವಾಗಿದೆ ಎಂಬ ಸಾಮಾನ್ಯ ವಿವರಣೆ ಇಲ್ಲಿ ಪೂರ್ತಿ ಸುಳ್ಳಾಗುತ್ತದೆ. ವ್ಯತ್ಯಾಸ ಇರುವುದು ಪರಮಾಣುವಿನ ದ್ರವ್ಯರಾಶಿಯಲ್ಲಿ: ಚಿನ್ನದ ಪರಮಾಣು ದ್ರವ್ಯರಾಶಿ 197, ಅಲ್ಯೂಮಿನಿಯಂನದು 27. ಏಳು ಪಟ್ಟಿಗಿಂತ ತುಸು ಹೆಚ್ಚಿನ ಈ ಅಂತರವೇ 19.3 ಮತ್ತು 2.7ರ ನಡುವಿನ ಅಂತರವಾಗಿ ನಮ್ಮ ಅಂಗೈಗೆ ತಿಳಿಯುತ್ತದೆ.

ಚಿನ್ನವನ್ನೂ ಸೀಸವನ್ನೂ ಹೋಲಿಸಿದಾಗ ಕಥೆ ತಿರುಗುತ್ತದೆ. ಸೀಸದ ಪರಮಾಣು ದ್ರವ್ಯರಾಶಿ 207, ಚಿನ್ನದ್ದಕ್ಕಿಂತ ಹೆಚ್ಚು. ಆದರೂ ಸೀಸದ ಸಾಂದ್ರತೆ 11.3 ಮಾತ್ರ. ಘನದ ಅಂಚು 0.408ರಿಂದ 0.495ಕ್ಕೆ ಏರಿದಾಗ ಹೆಚ್ಚಳ ಸಣ್ಣದೆಂದು ತೋರುತ್ತದೆ. ಆದರೆ ಗಾತ್ರವೆಂದರೆ ಅಂಚನ್ನು ಮೂರು ಸಲ ಗುಣಿಸಿದ್ದು, ಆದ್ದರಿಂದ ಘನದ ಗಾತ್ರ ಸುಮಾರು 1.79 ಪಟ್ಟಾಗುತ್ತದೆ. ಅದೇ ನಾಲ್ಕು ಪರಮಾಣುಗಳು ಅಷ್ಟು ಹೆಚ್ಚು ಜಾಗವನ್ನು ಹಿಡಿದುಕೊಂಡಿವೆ. ದ್ರವ್ಯರಾಶಿಯ ಅನುಪಾತ 1.05ನ್ನು ಗಾತ್ರದ ಅನುಪಾತ 1.79ರಿಂದ ಭಾಗಿಸಿದರೆ ಸುಮಾರು 0.59 ಬರುತ್ತದೆ, 11.3ನ್ನು 19.3ರಿಂದ ಭಾಗಿಸಿದರೆ ಬರುವುದೂ ಅಷ್ಟೇ. ಪರಮಾಣುಗಳ ಅಳತೆಯಿಂದ ಹೊರಟ ಲೆಕ್ಕ ತಕ್ಕಡಿಯ ಲೆಕ್ಕಕ್ಕೆ ಹೀಗೆ ಕೂಡಿಬರುವುದು ನನಗೆ ಭೌತವಿಜ್ಞಾನದ ಅತ್ಯಂತ ತೃಪ್ತಿಕರ ಸಂಗತಿಗಳಲ್ಲಿ ಒಂದಾಗಿ ಕಾಣುತ್ತದೆ.

ಪರಮಾಣು ಭಾರವಾದಷ್ಟೂ ಲೋಹ ಸಾಂದ್ರವಾಗಿರುತ್ತದೆ ಎಂಬ ನಿಯಮವೇನೂ ಇಲ್ಲ ಎಂಬುದು ಇದರಿಂದ ಸ್ಪಷ್ಟ. ಪೊಟ್ಯಾಸಿಯಂನ ಪರಮಾಣು ಸೋಡಿಯಂನದಕ್ಕಿಂತ ಭಾರ, ಆದರೆ ಸಾಂದ್ರತೆ ಸೋಡಿಯಂಗೆ 0.97, ಪೊಟ್ಯಾಸಿಯಂಗೆ 0.86. ಎಲ್ಲಕ್ಕಿಂತ ಹಗುರ ಲೋಹವಾದ ಲಿಥಿಯಂನ ಸಾಂದ್ರತೆ 0.53, ನೀರಿನ ಅರ್ಧದಷ್ಟೆನ್ನಬಹುದು. ಇನ್ನೊಂದು ತುದಿಯಲ್ಲಿ ಓಸ್ಮಿಯಂ 22.59ರಷ್ಟಿದ್ದು, 22.56ರ ಇರಿಡಿಯಂ ಅದರ ಬೆನ್ನಿಗೇ ಇದೆ. ಓಸ್ಮಿಯಂ, ಇರಿಡಿಯಂ, ಪ್ಲಾಟಿನಂ, ಚಿನ್ನ ಈ ನಾಲ್ಕೂ ಆವರ್ತ ಕೋಷ್ಟಕದ ಒಂದೇ ಸಾಲಿನಲ್ಲಿ ಅಕ್ಕಪಕ್ಕದ ಮನೆಗಳಲ್ಲಿವೆ. ಭಾರವಾದ ಪರಮಾಣುಗಳು ಬಿಗಿಯಾದ ಬಂಧಗಳಿಂದ ಹತ್ತಿರ ಹತ್ತಿರ ಕೂತಿರುವ ಸ್ಥಳ ಅದು.

ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಪರಮಾಣುವಿನ ದ್ರವ್ಯರಾಶಿ ಹೆಚ್ಚುಕಡಿಮೆ ಎಲ್ಲವೂ ಇರುವುದು ಅದರ ನಡುವಿನ ಅತಿಸಣ್ಣ ಬೀಜಕೇಂದ್ರದಲ್ಲಿ. ಆ ಬೀಜಕೇಂದ್ರಗಳ ಸಾಂದ್ರತೆ ಎಲ್ಲ ಧಾತುಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದು, ಅದು ಓಸ್ಮಿಯಂನ ಸಾಂದ್ರತೆಯ ಸುಮಾರು 10 ಲಕ್ಷ ಕೋಟಿ ಪಟ್ಟು. ಹಾಗಿರುವಾಗ ನಾವು ನಿತ್ಯ ನೋಡುವ ಸಾಂದ್ರತೆಯ ವ್ಯತ್ಯಾಸಗಳೆಲ್ಲ ಬೀಜಕೇಂದ್ರಗಳು ಎಷ್ಟು ದೊಡ್ಡವು, ಮತ್ತು ಅವುಗಳನ್ನು ಸುತ್ತುವರಿದ ಎಲೆಕ್ಟ್ರಾನುಗಳು ಅವನ್ನು ಒಂದರಿಂದೊಂದು ಎಷ್ಟು ದೂರ ಇರಿಸುತ್ತವೆ ಎಂಬುದರಿಂದ ಬರುತ್ತವೆ. ಅತ್ಯಂತ ಸಾಂದ್ರವಾದ ಲೋಹವೂ ಈ ಅರ್ಥದಲ್ಲಿ ಬಹುಪಾಲು ಖಾಲಿ ಜಾಗವೇ.

ಪರಮಾಣುಗಳು ಅವೇ ಆಗಿದ್ದು ಜೋಡಣೆ ಮಾತ್ರ ಬದಲಾದರೂ ಸಾಂದ್ರತೆ ಬದಲಾಗುತ್ತದೆ. ವಜ್ರವೂ ಗ್ರಾಫೈಟೂ ಶುದ್ಧ ಇಂಗಾಲ. ಆದರೆ ವಜ್ರದ ಸಾಂದ್ರತೆ 3.5, ಗ್ರಾಫೈಟಿನದು ಸುಮಾರು 2.2. ಗ್ರಾಫೈಟಿನಲ್ಲಿ ಪರಮಾಣುಗಳು ಪದರ ಪದರವಾಗಿದ್ದು ಪದರಗಳ ನಡುವೆ ಅಂತರ ಹೆಚ್ಚು. ವಜ್ರದಲ್ಲಿ ಎಲ್ಲ ದಿಕ್ಕಿಗೂ ಬಿಗಿಯಾದ ಬಂಧಗಳಿವೆ. ಆದರೆ ಜೋಡಣೆಯ ಪರಿಣಾಮವನ್ನು ನಿಜವಾಗಿ ತೋರಿಸಿಕೊಡುವ ಪದಾರ್ಥವೆಂದರೆ ನೀರು.

ಬಹುತೇಕ ಪದಾರ್ಥಗಳು ಹೆಪ್ಪುಗಟ್ಟಿದಾಗ ಕುಗ್ಗುತ್ತವೆ, ಅವುಗಳ ಘನರೂಪ ದ್ರವರೂಪದಲ್ಲಿ ಮುಳುಗುತ್ತದೆ. ನೀರು ಹಾಗಲ್ಲ. 0 ಡಿಗ್ರಿಯಲ್ಲಿ ದ್ರವರೂಪದ ನೀರಿನ ಸಾಂದ್ರತೆ 0.9998 ಇದ್ದರೆ ಅದೇ ಉಷ್ಣತೆಯ ಮಂಜುಗಡ್ಡೆಯದು 0.917. ಮಂಜುಗಡ್ಡೆಯಲ್ಲಿ ಪ್ರತಿಯೊಂದು ನೀರಿನ ಅಣುವೂ ಜಲಜನಕ ಬಂಧಗಳ ಮೂಲಕ ನಾಲ್ಕು ನೆರೆಯ ಅಣುಗಳನ್ನು ನಿಶ್ಚಿತ ದಿಕ್ಕುಗಳಲ್ಲಿ ಹಿಡಿದುಕೊಂಡಿರುತ್ತದೆ. ಈ ಶಿಸ್ತಿನ ಜೋಡಣೆಯ ನಡುವೆ ದೊಡ್ಡ ದೊಡ್ಡ ತೆರಪುಗಳು ಉಳಿದುಬಿಡುತ್ತವೆ. ಮಂಜುಗಡ್ಡೆ ಕರಗುವಾಗ ಆ ಚೌಕಟ್ಟು ಭಾಗಶಃ ಕುಸಿದು ಅಣುಗಳು ತೆರಪುಗಳೊಳಗೆ ಸರಿಯುತ್ತವೆ, ಹಾಗಾಗಿ ನೀರು ಕಡಮೆ ಜಾಗದಲ್ಲಿ ಹಿಡಿಯುತ್ತದೆ. ಕರಗಿದ ಮೇಲೂ ಈ ಕುಸಿತ ಪೂರ್ತಿಯಾಗಿರುವುದಿಲ್ಲ. 0 ಡಿಗ್ರಿಯಿಂದ ಸುಮಾರು 4 ಡಿಗ್ರಿಯವರೆಗೆ ನೀರನ್ನು ಬಿಸಿಮಾಡಿದಾಗ ಚೌಕಟ್ಟು ಇನ್ನಷ್ಟು ಸಡಿಲವಾಗಿ ನೀರು ಕುಗ್ಗುತ್ತ ಹೋಗುತ್ತದೆ. ಅದರ ಜೊತೆಯಲ್ಲೇ ಅಣುಗಳ ಚಲನೆ ಹೆಚ್ಚಿ ಹಿಗ್ಗುವ ಪ್ರವೃತ್ತಿಯೂ ಇರುತ್ತದೆ. 4 ಡಿಗ್ರಿಯ ಹತ್ತಿರ ಎರಡೂ ಸಮನಾಗುತ್ತವೆ, ಅಲ್ಲಿ ನೀರಿನ ಸಾಂದ್ರತೆ ಗರಿಷ್ಠ. ಅಲ್ಲಿಂದ ಮುಂದೆ ಹಿಗ್ಗುವಿಕೆಯದೇ ಮೇಲುಗೈ: 20 ಡಿಗ್ರಿಯಲ್ಲಿ 0.998, 100 ಡಿಗ್ರಿಯಲ್ಲಿ 0.958.

ಈ ಪುಟ್ಟ ವಿಚಿತ್ರದ ಪರಿಣಾಮ ಚಳಿಪ್ರದೇಶದ ಸರೋವರಗಳಲ್ಲಿ ಕಾಣುತ್ತದೆ. ಚಳಿಗಾಲ ಬರುತ್ತಿದ್ದಂತೆ ಮೇಲ್ಮೈಯ ನೀರು ತಣ್ಣಗಾಗಿ, ಸಾಂದ್ರವಾಗಿ, ಕೆಳಗಿಳಿಯುತ್ತದೆ. ಕೆಳಗಿನ ಬೆಚ್ಚನೆಯ ನೀರು ಮೇಲೆ ಬಂದು ತಾನೂ ತಣ್ಣಗಾಗುತ್ತದೆ. ಇಡೀ ಸರೋವರ 4 ಡಿಗ್ರಿಗೆ ಬರುವವರೆಗೆ ಈ ಏರಿಳಿತ ನಡೆಯುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರವಾದ್ದರಿಂದ ಕೆಳಗಿಳಿಯದೆ ಮೇಲೆಯೇ ಉಳಿದು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಮೇಲೆ ತೇಲುವ ಮಂಜಿನ ಹಾಸು ಶಾಖ ಹೊರಹೋಗುವುದನ್ನು ನಿಧಾನಗೊಳಿಸುವುದರಿಂದ ಆಳವಾದ ಸರೋವರದ ತಳದಲ್ಲಿ ಚಳಿಗಾಲವಿಡೀ 4 ಡಿಗ್ರಿಯ ಆಸುಪಾಸಿನ ದ್ರವರೂಪದ ನೀರು ಉಳಿದು, ಮೀನುಗಳು ಬದುಕುತ್ತವೆ. ಮಂಜುಗಡ್ಡೆ ನೀರಿಗಿಂತ ಸಾಂದ್ರವಾಗಿದ್ದಿದ್ದರೆ ಹೆಪ್ಪುಗಟ್ಟುವ ಕ್ರಿಯೆ ತಳದಿಂದ ಶುರುವಾಗಿ ಮೇಲಕ್ಕೆ ಬರಬೇಕಾಗುತ್ತಿತ್ತು.

ಘನ ಮತ್ತು ದ್ರವಗಳಲ್ಲಿ ಉಷ್ಣತೆಯ ಪರಿಣಾಮ ಸಣ್ಣದು. ಅನಿಲಗಳಲ್ಲಿ ಅದು ಬಹಳ ದೊಡ್ಡದು. ಅನಿಲದ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುವುದಿಲ್ಲವಾದ್ದರಿಂದ ಅದರ ಸಾಂದ್ರತೆಯನ್ನು ಒತ್ತಡವೂ ಉಷ್ಣತೆಯೂ ಸೇರಿ ತೀರ್ಮಾನಿಸುತ್ತವೆ, ಹಾಗಾಗಿ ಇವೆರಡನ್ನೂ ಹೇಳದೆ ಅನಿಲದ ಸಾಂದ್ರತೆ ಹೇಳುವುದರಲ್ಲಿ ಅರ್ಥವಿಲ್ಲ. 20 ಡಿಗ್ರಿಯಲ್ಲಿ ಘನ ಮೀಟರಿಗೆ 1.20 ಕಿಲೋಗ್ರಾಂ ಇರುವ ಗಾಳಿ 100 ಡಿಗ್ರಿಯಲ್ಲಿ ಸುಮಾರು 0.95 ಆಗುತ್ತದೆ. ಬಿಸಿಗಾಳಿಯ ಬಲೂನು ಏರುವುದು ಈ ಕಾಲು ಕಿಲೋಗ್ರಾಮಿನ ಬಲದಿಂದ: 2000 ಘನ ಮೀಟರಿನ ಬಲೂನಿಗೆ ಸುಮಾರು 500 ಕಿಲೋಗ್ರಾಂ ಎತ್ತುವ ಸಾಮರ್ಥ್ಯ ಬರುತ್ತದೆ, ಅದರಲ್ಲಿ ಬಲೂನಿನ ಬಟ್ಟೆ, ಬುಟ್ಟಿ, ಉರಿಕ, ಇಂಧನ, ಪ್ರಯಾಣಿಕರು ಎಲ್ಲರೂ ಸೇರಬೇಕು. ಒತ್ತಡ ಮತ್ತು ಉಷ್ಣತೆ ಒಂದೇ ಆಗಿದ್ದರೆ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನವಾಗಿರುವುದರಿಂದ ಉಳಿಯುವುದು ಅಣುವಿನ ಭಾರ ಮಾತ್ರ. ಇದರಿಂದ ಹಲವರು ನಂಬಲು ಹಿಂಜರಿಯುವ ಒಂದು ಫಲಿತಾಂಶ ಹೊರಡುತ್ತದೆ: ತೇವದ ಗಾಳಿ ಒಣಗಾಳಿಗಿಂತ ಹಗುರ. ಗಾಳಿಯ ಅಣುಗಳ ಸರಾಸರಿ ಅಣುತೂಕ 29, ನೀರಾವಿಯದು 18; ಆವಿ ಸೇರಿದಾಗ ಭಾರದ ಅಣುಗಳ ಜಾಗವನ್ನು ಹಗುರದ ಅಣುಗಳು ತೆಗೆದುಕೊಳ್ಳುತ್ತವೆ.

ತೇಲುವುದು, ಮುಳುಗುವುದು ಸಾಂದ್ರತೆಯ ಅತ್ಯಂತ ಪರಿಚಿತ ಮುಖ. ದ್ರವದಲ್ಲಿ ಮುಳುಗಿದ ವಸ್ತುವಿನ ಮೇಲೆ ಅದು ಪಕ್ಕಕ್ಕೆ ತಳ್ಳಿದ ದ್ರವದ ತೂಕಕ್ಕೆ ಸಮನಾದ ಮೇಲ್ಮುಖ ಬಲ ಬೀಳುತ್ತದೆ ಎಂದು ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ತೋರಿಸಿಕೊಟ್ಟ. ವಸ್ತುವಿನ ಸಾಂದ್ರತೆ ದ್ರವದ್ದಕ್ಕಿಂತ ಕಡಮೆಯಿದ್ದರೆ ಅದು ತನ್ನ ತೂಕದಷ್ಟು ದ್ರವವನ್ನು ತಳ್ಳುವಷ್ಟು ಭಾಗವನ್ನು ಮಾತ್ರ ಒಳಗಿಟ್ಟುಕೊಂಡು ತೇಲುತ್ತದೆ. ಮಂಜುಗಡ್ಡೆಯ 0.917ನ್ನು ಸಮುದ್ರದ ನೀರಿನ 1.025ರಿಂದ ಭಾಗಿಸಿದರೆ 0.895, ಹಿಮಬಂಡೆಯ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗಿರುತ್ತದೆ ಎಂಬ ಪ್ರಸಿದ್ಧ ಮಾತಿನ ಹಿಂದಿರುವುದು ಈ ಒಂದು ಭಾಗಾಕಾರ. ಉಕ್ಕಿನ ಹಡಗು ತೇಲುವುದೇಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ: ಎಣಿಕೆಗೆ ಬರುವುದು ಉಕ್ಕಿನ ಸಾಂದ್ರತೆಯಲ್ಲ, ಉಕ್ಕು, ಸರಕು, ಒಳಗಿನ ಗಾಳಿ ಎಲ್ಲ ಸೇರಿದ ಒಡಲಿನ ಸರಾಸರಿ ಸಾಂದ್ರತೆ. ಒಡಲು ಒಡೆದು ಗಾಳಿಯ ಜಾಗಕ್ಕೆ ನೀರು ನುಗ್ಗಿದರೆ ಸರಾಸರಿ ಏರುತ್ತದೆ, ಹಡಗು ಮುಳುಗುತ್ತದೆ. ಜಲಾಂತರ್ಗಾಮಿ ಇದನ್ನೇ ಬೇಕೆಂದು ಮಾಡುತ್ತದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಲೇಬೇಕು. ದಪ್ಪಗೆ, ನಿಧಾನವಾಗಿ ಹರಿಯುವ ದ್ರವವನ್ನು ಸಾಂದ್ರವೆಂದು ಭಾವಿಸುವವರು ಬಹಳ. ಹರಿವಿಗೆ ಒಡ್ಡುವ ಪ್ರತಿರೋಧ ಸ್ನಿಗ್ಧತೆ. ಅದು ಬೇರೆಯೇ ಗುಣ, ಸಾಂದ್ರತೆಯೊಡನೆ ಅದಕ್ಕೆ ನೇರ ಸಂಬಂಧವಿಲ್ಲ. ಎಂಜಿನ್ ಎಣ್ಣೆ ನೀರಿಗಿಂತ ಎಷ್ಟೋ ಪಟ್ಟು ಸ್ನಿಗ್ಧ, ಆದರೆ ನೀರಿನ ಮೇಲೆ ತೇಲುತ್ತದೆ. ಪಾದರಸ ನೀರಿನಂತೆಯೇ ಸರಾಗವಾಗಿ ಹರಿಯುತ್ತದೆ, ಆದರೆ ಅದರ ಸಾಂದ್ರತೆ 13.6, ಕಬ್ಬಿಣದ ಗುಂಡನ್ನು ಹಾಕಿದರೆ ಅದರ ಮೇಲೆ ತೇಲುತ್ತದೆ.

ಈ ಗುಣವನ್ನು ಅಳೆಯುವುದು ಹೇಗೆ? ದ್ರವ್ಯರಾಶಿಗೆ ತಕ್ಕಡಿ ಸಾಕು. ಕಷ್ಟವಿರುವುದು ಗಾತ್ರದಲ್ಲಿ, ಅದರಲ್ಲೂ ಅಡ್ಡಾದಿಡ್ಡಿ ಆಕಾರದ ವಸ್ತುವಿನ ಗಾತ್ರದಲ್ಲಿ. ಅಳತೆಪಾತ್ರೆಯಲ್ಲಿ ನೀರಿನ ಮಟ್ಟ ಏರುವುದನ್ನು ನೋಡುವ ವಿಧಾನವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದಕ್ಕಿಂತ ಬಹಳ ನಿಖರವಾದ, ಅಷ್ಟೇ ಸುಲಭವಾದ ಇನ್ನೊಂದು ವಿಧಾನವಿದೆ. ಒಂದು ಕಲ್ಲನ್ನು ತೆಗೆದುಕೊಂಡು ತೂಗಿ. ಅದು 270 ಗ್ರಾಂ ಇದೆಯೆಂದುಕೊಳ್ಳೋಣ. ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆಯನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳುವಾದ ದಾರ ಕಟ್ಟಿ, ದಾರವನ್ನು ಕೈಯಲ್ಲಿ ಹಿಡಿದುಕೊಂಡೇ, ಕಲ್ಲು ಪೂರ್ತಿ ಮುಳುಗುವಂತೆ ಆದರೆ ತಳವನ್ನೂ ಪಕ್ಕವನ್ನೂ ಮುಟ್ಟದಂತೆ ಇಳಿಬಿಡಿ. ತಕ್ಕಡಿ ಈಗ 100 ಗ್ರಾಂ ತೋರಿಸಿದರೆ, ಆ ಕಲ್ಲಿನ ಗಾತ್ರ 100 ಘನ ಸೆಂಟಿಮೀಟರ್, ಸಾಂದ್ರತೆ 2.7, ಗ್ರಾನೈಟಿಗೆ ಒಪ್ಪುವ ಸಂಖ್ಯೆ. ನೀರು ಕಲ್ಲನ್ನು ಮೇಲಕ್ಕೆ ಎಷ್ಟು ಒತ್ತುತ್ತದೆಯೋ ಕಲ್ಲು ನೀರನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ, ತಕ್ಕಡಿ ತೋರಿಸುವುದು ಆ ಒತ್ತನ್ನು. ಅದು ಪಕ್ಕಕ್ಕೆ ಸರಿದ ನೀರಿನ ತೂಕಕ್ಕೆ ಸಮ, ಮತ್ತು ನೀರಿನ ಒಂದು ಗ್ರಾಂ ಎಂದರೆ ಒಂದು ಘನ ಸೆಂಟಿಮೀಟರ್. ಕಲ್ಲಿಗೆ ಗಾಳಿಗುಳ್ಳೆಗಳು ಅಂಟಿಕೊಂಡಿದ್ದರೆ ಗಾತ್ರ ಹೆಚ್ಚಾಗಿ ತೋರುತ್ತದೆ, ತಳ ಮುಟ್ಟಿದರೆ ಲೆಕ್ಕವೇ ಕೆಡುತ್ತದೆ. ಇವೆರಡನ್ನು ನೋಡಿಕೊಂಡರೆ ಸಾಕು.

ರಾಜನ ಚಿನ್ನದ ಕಿರೀಟದಲ್ಲಿ ಅಕ್ಕಸಾಲಿಗ ಬೆಳ್ಳಿ ಬೆರೆಸಿದ್ದಾನೆಯೇ ಎಂಬುದನ್ನು ಆರ್ಕಿಮಿಡೀಸ್ ಕಂಡುಹಿಡಿದ ಕಥೆಯನ್ನು ಇದೇ ಬೆಳಕಿನಲ್ಲಿ ಪರೀಕ್ಷಿಸಬಹುದು. ಕಥೆಯನ್ನು ದಾಖಲಿಸಿದವನು ರೋಮಿನ ವಾಸ್ತುತಜ್ಞ ವಿಟ್ರುವಿಯಸ್, ಆರ್ಕಿಮಿಡೀಸನ ಸುಮಾರು ಎರಡು ಶತಮಾನಗಳ ನಂತರ. ತುಂಬಿದ ಪಾತ್ರೆಯಿಂದ ಹೊರಚೆಲ್ಲಿದ ನೀರನ್ನು ಅಳೆದು ಮೋಸವನ್ನು ಪತ್ತೆಹಚ್ಚಿದ ಎಂದು ಅವನು ಹೇಳುತ್ತಾನೆ. ಒಂದು ಕಿಲೋಗ್ರಾಮಿನ ಕಿರೀಟವಿತ್ತು, ಅದರಲ್ಲಿ 300 ಗ್ರಾಂ ಬೆಳ್ಳಿ ಬೆರೆತಿತ್ತು ಎಂದು ಇಟ್ಟುಕೊಳ್ಳೋಣ. ಶುದ್ಧ ಚಿನ್ನವಾಗಿದ್ದರೆ ಗಾತ್ರ 51.8 ಘನ ಸೆಂಟಿಮೀಟರ್ ಇರಬೇಕು. ಬೆಳ್ಳಿಯ ಸಾಂದ್ರತೆ 10.5 ಆದ್ದರಿಂದ ಬೆರಕೆಯ ಕಿರೀಟದ ಗಾತ್ರ ಸುಮಾರು 64.8. ವ್ಯತ್ಯಾಸ 13 ಘನ ಸೆಂಟಿಮೀಟರ್. ಕಿರೀಟ ಹಿಡಿಸುವಂಥ, 20 ಸೆಂಟಿಮೀಟರ್ ಅಗಲದ ದುಂಡು ಪಾತ್ರೆಯಲ್ಲಿ ಇದು ನೀರಿನ ಮಟ್ಟದಲ್ಲಿ ತರುವ ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತಲೂ ಕಡಮೆ. ಪಾತ್ರೆಯ ಅಂಚಿನಲ್ಲಿ ನೀರು ಉಬ್ಬಿ ನಿಲ್ಲುವ ಸ್ವಭಾವವೇ ಇದಕ್ಕಿಂತ ದೊಡ್ಡ ತಪ್ಪನ್ನು ತರಬಲ್ಲದು. ಬದಲಾಗಿ ತಕ್ಕಡಿಯ ಒಂದು ಕೈಗೆ ಕಿರೀಟವನ್ನೂ ಇನ್ನೊಂದಕ್ಕೆ ಅಷ್ಟೇ ತೂಕದ ಶುದ್ಧ ಚಿನ್ನವನ್ನೂ ತೂಗುಹಾಕಿ ಎರಡನ್ನೂ ನೀರಿನಲ್ಲಿ ಮುಳುಗಿಸಿದರೆ ಕಿರೀಟದ ಕಡೆ 13 ಗ್ರಾಮಿನಷ್ಟು ಹಗುರವಾಗಿ ಮೇಲೇಳುತ್ತದೆ. ಇದನ್ನು ಯಾವ ಸಾಧಾರಣ ತಕ್ಕಡಿಯೂ ತೋರಿಸುತ್ತದೆ. 1586ರಲ್ಲಿ, ಇನ್ನೂ 22 ವರ್ಷದವನಾಗಿದ್ದ ಗೆಲಿಲಿಯೋ ಇದೇ ಮಾತನ್ನು ಎತ್ತಿ, ಆರ್ಕಿಮಿಡೀಸನಂಥವನು ಇಷ್ಟು ಒರಟು ವಿಧಾನವನ್ನು ಬಳಸಿರಲಾರ ಎಂದು ವಾದಿಸಿ, ಇಂಥ ನೀರುತಕ್ಕಡಿಯನ್ನು ವಿವರಿಸಿ ಬರೆದ. ಅವನ ವಾದ ಸರಿಯೆಂದೇ ನನಗನ್ನಿಸುತ್ತದೆ.

ದ್ರವಗಳಿಗೆ ಹೈಡ್ರೋಮೀಟರ್ ಎಂಬ ಸರಳ ಉಪಕರಣವಿದೆ: ತಳದಲ್ಲಿ ಭಾರವಿರುವ ಗಾಜಿನ ಬುರುಡೆ, ಮೇಲೆ ಅಳತೆಗೆರೆಗಳಿರುವ ಕಡ್ಡಿ. ದ್ರವ ಸಾಂದ್ರವಾದಷ್ಟೂ ಅದು ಮೇಲೆದ್ದು ತೇಲುತ್ತದೆ. ಸೀಸ-ಆಮ್ಲ ಬ್ಯಾಟರಿಯಲ್ಲಿ ವಿದ್ಯುತ್ ಖರ್ಚಾದಂತೆ ಗಂಧಕಾಮ್ಲ ವ್ಯಯವಾಗಿ ನೀರು ಉಂಟಾಗುವುದರಿಂದ, ಪೂರ್ತಿ ಚಾರ್ಜ್ ಆದಾಗ ಸುಮಾರು 1.27 ಇದ್ದ ದ್ರವದ ಸಾಂದ್ರತೆ ಖಾಲಿಯಾಗುತ್ತ 1.15ರ ಆಸುಪಾಸಿಗೆ ಇಳಿಯುತ್ತದೆ. ಬ್ಯಾಟರಿಯನ್ನು ಬಿಚ್ಚದೆ, ರಾಸಾಯನಿಕ ಪರೀಕ್ಷೆ ಮಾಡದೆ, ಒಂದು ತೇಲುವ ಬುರುಡೆಯಿಂದ ಒಳಗಿನ ಸ್ಥಿತಿ ತಿಳಿದುಬಿಡುತ್ತದೆ.

ಸಾಂದ್ರತೆಗೆ ಮಿತಿಗಳೂ ಇವೆ. ಟಂಗ್‌ಸ್ಟನ್ ಲೋಹದ ಸಾಂದ್ರತೆ 19.25, ಚಿನ್ನಕ್ಕೆ ಅಷ್ಟು ಹತ್ತಿರವಿರುವುದರಿಂದ ಟಂಗ್‌ಸ್ಟನ್ ತುಂಬಿ ಮೇಲೆ ಚಿನ್ನ ಹೊದಿಸಿದ ಗಟ್ಟಿಯನ್ನು ನೀರುತಕ್ಕಡಿ ಹಿಡಿಯಲಾರದು, ಶಬ್ದತರಂಗವನ್ನೋ ವಿದ್ಯುತ್ ವಾಹಕತೆಯನ್ನೋ ಪರೀಕ್ಷಿಸಬೇಕಾಗುತ್ತದೆ. ಮರಳಿನ ಕಣದ ಸಾಂದ್ರತೆ 2.65 ಆದರೆ ಒಣಮರಳಿನ ರಾಶಿಯದು ಸುಮಾರು 1.6, ಏಕೆಂದರೆ ರಾಶಿಯ ಗಾತ್ರದಲ್ಲಿ ಕಣಗಳ ನಡುವಿನ ಗಾಳಿಯೂ ಸೇರಿರುತ್ತದೆ. ಯಾವ ಗಾತ್ರವನ್ನು ಹೇಳುತ್ತಿದ್ದೇವೆ ಎಂಬುದು ಸ್ಪಷ್ಟವಿರಬೇಕು. ಬೆರಕೆಗಳಲ್ಲಿ ಗಾತ್ರಗಳು ಕೂಡಿಕೊಳ್ಳುತ್ತವೆ ಎಂಬ ಭರವಸೆಯೂ ಇಲ್ಲ: 50 ಮಿಲಿಲೀಟರ್ ಆಲ್ಕೋಹಾಲ್ ಮತ್ತು 50 ಮಿಲಿಲೀಟರ್ ನೀರು ಸೇರಿದಾಗ ಸಿಗುವುದು 100 ಅಲ್ಲ, ಸುಮಾರು 96 ಅಥವಾ 97. ಎರಡು ಬಗೆಯ ಅಣುಗಳು ಒಂದರ ತೆರಪಿಗೆ ಇನ್ನೊಂದು ಸರಿದು, ಬೇರೆ ಬೇರೆ ಇದ್ದಾಗಿನದಕ್ಕಿಂತ ಹೆಚ್ಚು ಒತ್ತಾಗಿ ಕೂರುತ್ತವೆ.

ಇಷ್ಟಿದ್ದೂ, ಒಳಗೆ ಹೊಕ್ಕು ನೋಡಲಾಗದ ಕಡೆ ಈ ಸಂಖ್ಯೆ ಮಾಡಿಕೊಟ್ಟಿರುವ ಕೆಲಸ ಅಪಾರ. 1798ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ ಸೀಸದ ಗುಂಡುಗಳ ನಡುವಿನ ಅತ್ಯಂತ ಕ್ಷೀಣ ಆಕರ್ಷಣೆಯನ್ನು ತಂತಿಯ ತಿರುಚುವಿಕೆಯಿಂದ ಅಳೆದು, ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.48 ಪಟ್ಟು ಎಂದು ಪ್ರಕಟಿಸಿದ. ಇಂದಿನ ಬೆಲೆ 5.51. ನಾವು ಕಾಲಿಟ್ಟಿರುವ ಗ್ರಾನೈಟಿನ ಸಾಂದ್ರತೆ 2.7 ಮಾತ್ರ. ಮೇಲಿನದು ಇಷ್ಟು ಹಗುರವಾಗಿದ್ದು ಸರಾಸರಿ ಇಷ್ಟು ಹೆಚ್ಚಿರಬೇಕಾದರೆ ಒಳಗೆ ಬಹಳ ಸಾಂದ್ರವಾದದ್ದೇನೋ ಇರಲೇಬೇಕು. ಭೂಕಂಪದ ಅಲೆಗಳ ಅಧ್ಯಯನ ಮುಂದೆ ಇದನ್ನು ಖಚಿತಪಡಿಸಿತು. ಭೂಗರ್ಭದ ತಿರುಳು ಮುಖ್ಯವಾಗಿ ಕಬ್ಬಿಣ. ಅತ್ಯಂತ ಒಳಭಾಗದಲ್ಲಿ ಸಾಂದ್ರತೆ ಸುಮಾರು 13. ಮೇಲ್ಮೈಯಲ್ಲಿ ಕಬ್ಬಿಣದ್ದು 7.9 ಇರುವಾಗ ಅಲ್ಲಿ 13 ಆಗುವುದು ಏಕೆಂದರೆ ವಾಯುಮಂಡಲದ ಒತ್ತಡದ 30 ಲಕ್ಷ ಪಟ್ಟಿಗೂ ಮೀರಿದ ಒತ್ತಡದಲ್ಲಿ ಘನ ಲೋಹದ ಪರಮಾಣುಗಳೂ ಒತ್ತೊತ್ತಾಗಿ ಕೂರುತ್ತವೆ.

ಇದಕ್ಕಿಂತಲೂ ನಾನು ಮೆಚ್ಚುವ ಪ್ರಸಂಗ ಸುಮಾರು ನೂರು ವರ್ಷಗಳ ನಂತರದ್ದು. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ ಅನಿಲಗಳ ಸಾಂದ್ರತೆಯನ್ನು ಹಿಂದೆ ಯಾರೂ ಅಳೆಯದಷ್ಟು ನಿಖರವಾಗಿ ಅಳೆಯಲು ಹೊರಟಿದ್ದ. ಅನಿಲ ತುಂಬುವ ಗಾಜಿನ ಬುರುಡೆಯನ್ನು ನಿರ್ವಾತಗೊಳಿಸಿದಾಗ ಹೊರಗಿನ ಒತ್ತಡದಿಂದ ಅದು ಕೊಂಚ ಕುಗ್ಗುತ್ತದೆ ಎಂಬುದನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದ. ಸಾರಜನಕದ ಸರದಿ ಬಂದಾಗ ಅವನು ಅದನ್ನು ಎರಡು ದಾರಿಗಳಿಂದ ಪಡೆದ: ಗಾಳಿಯಿಂದ ಆಮ್ಲಜನಕ ಮತ್ತಿತರ ಗೊತ್ತಿದ್ದ ಅನಿಲಗಳನ್ನೆಲ್ಲ ತೆಗೆದುಹಾಕಿ ಒಂದು, ಅಮೋನಿಯಾದ ನೆರವಿನಿಂದ ಇನ್ನೊಂದು. ಎರಡರ ಸಾಂದ್ರತೆಗಳಲ್ಲಿ ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಬಂತು. ಎರಡನೆಯ ವಿಧಾನದಲ್ಲಿ ಸಾರಜನಕದ ಒಂದು ಪಾಲು ಮಾತ್ರ ಅಮೋನಿಯಾದಿಂದ, ಉಳಿದದ್ದು ಗಾಳಿಯಿಂದಲೇ ಬರುತ್ತಿತ್ತು. ಸರಾಸರಿ ತೆಗೆದು ಮುಂದೆ ಹೋಗುವ ಬದಲು ರೇಲೀ ವ್ಯತ್ಯಾಸವನ್ನು ದೊಡ್ಡದು ಮಾಡಿ ನೋಡಲು ನಿರ್ಧರಿಸಿ, ಸಾರಜನಕವೆಲ್ಲ ಅಮೋನಿಯಾದಿಂದಲೇ ಬರುವಂತೆ ಪ್ರಯೋಗವನ್ನು ಬದಲಾಯಿಸಿದ. ವ್ಯತ್ಯಾಸ ಇನ್ನೂರರಲ್ಲಿ ಒಂದು ಪಾಲಿಗೆ ಏರಿತು. ಗಾಳಿಯಿಂದ ಪಡೆದದ್ದು ಲೀಟರಿಗೆ 1.2572 ಗ್ರಾಂ, ರಾಸಾಯನಿಕ ಸಂಯುಕ್ತಗಳಿಂದ ಪಡೆದದ್ದು 1.2505 ಗ್ರಾಂ. ಇದಕ್ಕೂ ಮೊದಲೇ, 1892ರಲ್ಲಿ, ಸಾವಿರದಲ್ಲಿ ಒಂದು ಪಾಲಿನ ಆ ಮೊದಲ ವ್ಯತ್ಯಾಸದ ಒಗಟನ್ನು ಅವನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿ ರಸಾಯನಶಾಸ್ತ್ರಜ್ಞರ ಸಲಹೆ ಕೇಳಿದ್ದ.

ಸಾಂದ್ರತೆ ಪದಾರ್ಥದ ಗುಣವಾಗಿದ್ದರೆ, ಎರಡು ಸಾಂದ್ರತೆಗಳೆಂದರೆ ಎರಡು ಪದಾರ್ಥಗಳು. ಗಾಳಿಯಿಂದ ಬಂದ 'ಸಾರಜನಕ'ದಲ್ಲಿ ಇನ್ನೇನೋ ಇತ್ತು. ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಅದನ್ನು ಕಾಯಿಸಿದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿ ಸಾರಜನಕವನ್ನೆಲ್ಲ ಹೀರಿಸಿದಾಗ, ಯಾವುದರೊಡನೆಯೂ ಸಂಯೋಗ ಹೊಂದದ, ಲೀಟರಿಗೆ ಸುಮಾರು 1.78 ಗ್ರಾಂ ತೂಗುವ ಒಂದು ಅನಿಲ ಉಳಿಯಿತು. 1894ರಲ್ಲಿ ಇಬ್ಬರೂ ಸೇರಿ ಈ ಹೊಸ ಧಾತುವನ್ನು ಘೋಷಿಸಿದರು; ಅದೇ ಆರ್ಗಾನ್, ಒಣಗಾಳಿಯ ಗಾತ್ರದಲ್ಲಿ ಶೇಕಡ 0.93ರಷ್ಟಿರುವ ಅನಿಲ. ಭೂಮಿಯ ಸಾಂದ್ರತೆಯನ್ನು ಅಳೆದ ಅದೇ ಕ್ಯಾವೆಂಡಿಶ್ 1785ರಲ್ಲಿಯೇ ಗಾಳಿಯ ಸಾರಜನಕವನ್ನು ವಿದ್ಯುತ್ ಕಿಡಿಗಳಿಂದ ಆಮ್ಲಜನಕದೊಡನೆ ಕೂಡಿಸಿ ಕರಗಿಸಿದಾಗ ಅದರ 120ನೆಯ ಒಂದು ಪಾಲಿಗೆ ಮೀರದ ಸಣ್ಣ ಗುಳ್ಳೆಯೊಂದು ಕರಗದೆ ಉಳಿದದ್ದನ್ನು ಬರೆದಿಟ್ಟಿದ್ದ. ಅದು ಏನೆಂದು ತಿಳಿಯಲು ನಾಲ್ಕನೆಯ ದಶಮಾಂಶ ಸ್ಥಾನದವರೆಗೆ ನಂಬಬಹುದಾದ ಸಾಂದ್ರತೆಯ ಅಳತೆ ಬೇಕಾಗಿತ್ತು. ಆವರ್ತ ಕೋಷ್ಟಕದಲ್ಲಿ ಆರ್ಗಾನಿಗೆ ಜಾಗವೇ ಇರಲಿಲ್ಲ, ಹಾಗಾಗಿ ಒಂದು ಹೊಸ ಕಂಬಸಾಲನ್ನೇ ಸೇರಿಸಬೇಕಾಯಿತು. 1898ರಲ್ಲಿ ರಾಮ್ಸೆ ಮತ್ತು ಅವನ ಸಹಾಯಕ ಮಾರಿಸ್ ಟ್ರಾವರ್ಸ್ ಅದೇ ಸಾಲಿಗೆ ನಿಯಾನ್, ಕ್ರಿಪ್ಟಾನ್, ಝೆನಾನ್‌ಗಳನ್ನು ಗಾಳಿಯಿಂದಲೇ ಹೊರತೆಗೆದು ಸೇರಿಸಿದರು.